ಸಂಘ ಆಮೇಲೆ ಕಟ್ಟಿ

ಸಂತೇಬೆನ್ನೂರಿನ ಯುವ ಓದುಗರೊಬ್ಬರು ಬರೆದಿದ್ದಾರೆ: "ಬಿ.ಕಾಂ. ಮುಗಿಸಿ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಊರಿಗೆ ಏನಾದರೂ ಮಾಡಬೇಕು ಅಂತ ಆಸೆ. ಸಂಘ ಕಟ್ಟೋಣ, ಪುಷ್ಕರಣಿ ಸ್ವಚ್ಛ ಮಾಡೋಣ ಅಂದರೆ ಗೆಳೆಯರು ಹೂಂ ಅನ್ನುತ್ತಾರೆ, ಬರುವುದಿಲ್ಲ. ಒಬ್ಬನೇ ಎಲ್ಲಿಂದ ಶುರು ಮಾಡಲಿ?"

ಸಂಪಾದಕರ ಉತ್ತರ:

ನಮಸ್ಕಾರ. ಗೆಳೆಯರ ಮೇಲೆ ಬೇಸರ ಬೇಡ. ಸಂಘದ ಯೋಚನೆ ಸದ್ಯಕ್ಕೆ ಬಿಡಿ. ನೋಂದಣಿಗೆ ಕನಿಷ್ಠ 7 ಜನ ಬೇಕು, ಬೈಲಾ ಅಂದರೆ ಸಂಘದ ನಿಯಮಾವಳಿ ಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಕಾಲೇಜು ದಿನಗಳಲ್ಲಿ ನಾವೂ ದಾವಣಗೆರೆಯಲ್ಲಿ ಒಂದು ಸಂಘ ಮಾಡಿದ್ದೆವು. ಲೆಟರ್‌ಹೆಡ್ಡು, ಸೀಲು ಎಲ್ಲ ಬಂತು. ಮಳೆಗಾಲದಲ್ಲಿ ರಸ್ತೆ ಬದಿ ಹೊಂಗೆ ಸಸಿ ನೆಟ್ಟೆವು. ನೀರು ಹಾಕೋ ಸರದಿ ಯಾರದು ಅಂತ ಮಾತ್ರ ಯಾರೂ ಕೇಳಲಿಲ್ಲ. ಶಿವರಾತ್ರಿ ಹೊತ್ತಿಗೆ ಒಂದೂ ಉಳಿಯಲಿಲ್ಲ. ಆ ಒಣಗಿದ ಸಾಲು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಪುಷ್ಕರಣಿ ಮೇಲಿನ ನಿಮ್ಮ ಪ್ರೀತಿ ಅರ್ಥವಾಗುತ್ತದೆ. ನಡುನೀರಿನ ಆ ವಸಂತ ಮಂಟಪ ನೋಡಿದ ಯಾರಿಗೆ ಆಸೆ ಆಗಲ್ಲ ಹೇಳಿ? ಆದರೆ ಅದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ. ಅನುಮತಿ ಇಲ್ಲದೆ ಕಲ್ಲು ಉಜ್ಜುವುದು, ಗಿಡ ಕೀಳುವುದು ಬೇಡ. ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಅವರು ಹೇಳಿದಷ್ಟು ಮಾಡಿ.

ನಿಮ್ಮ ಕೈಯಲ್ಲಿ ಇನ್ನೊಂದು ವಿದ್ಯೆ ಇದೆಯಲ್ಲ, ಲೆಕ್ಕ ಮತ್ತು ಕಾಗದಪತ್ರ. ನಾನು ಜಾಸ್ತಿ ಹೇಳಬೇಕೆಂದಿರುವುದು ಅದರ ಬಗ್ಗೆಯೇ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮೇಲ್ವಿಚಾರಕರನ್ನು ಮಾತಾಡಿಸಿ. "ವಾರಕ್ಕೆ ಒಂದು ಸಂಜೆ ಬರ್ತೀನಿ, ನಿಮಗೆ ಏನು ಬೇಕು?" ಅಂತ ಕೇಳಿ. ಮೊದಲ ದಿನ ಸುಮ್ನೆ ಕೂತು ನೋಡಿ. ಯಾವ ಮಕ್ಕಳು ಬರುತ್ತಾರೆ, ಯಾರು ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಾರೆ ಅಂತ ಗೊತ್ತಾಗುತ್ತದೆ.

ಅಲ್ಲೇ ವಿದ್ಯಾರ್ಥಿವೇತನದ ಅರ್ಜಿಗೂ ನೆರವಾಗಬಹುದು. ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಮಗುವಿನ ಕೈ ಸೇರುವುದಿಲ್ಲ. ಕೂಲಿಗೆ ಹೋಗುವ ತಂದೆ-ತಾಯಿಗೆ ಇದನ್ನೆಲ್ಲ ಬಿಡಿಸಿ ಹೇಳೋರು ಯಾರು? ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಬಂದು, "ಆ ಕಾಗದ ಇಲ್ಲ, ನಾಳೆ ಬಾ" ಅನ್ನಿಸಿಕೊಂಡು ಹೋಗುವ ತಾಯಂದಿರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಯಾವ ಕಾಗದ ಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಅವರಿಗೆ ಒಂದು ದಿನ ಉಳಿಯುತ್ತದೆ. ಅಂದಹಾಗೆ, ಅರ್ಜಿ ತುಂಬುವಾಗ ಪೋಷಕರು ಪಕ್ಕದಲ್ಲೇ ಇರಲಿ. ಒಟಿಪಿ ಅವರೇ ನೋಡಿ ಹಾಕಲಿ. ಆಧಾರ್ ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ.

ಒಂದೇ ಸಂಜೆ ಸಾಕು, ಆದರೆ ತಪ್ಪಿಸಬೇಡಿ. ಬರಲಾಗದಿದ್ದರೆ ಮೊದಲೇ ತಿಳಿಸಿ. ಮಕ್ಕಳು ಕಾಯುತ್ತಾರೆ. ಗೆಳೆಯರನ್ನು ಈಗಲೇ ಕರೆಯಬೇಡಿ. ಅರ್ಜಿಗಳು ಜಾಸ್ತಿಯಾಗಿ ಒಬ್ಬರಿಂದ ಆಗದೇ ಹೋದಾಗ, ಅವರಲ್ಲಿ ಒಬ್ಬರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.