ಮೊದಲ ಮೂರು ತಿಂಗಳು ಬೊಲೊನ್ಯಾ ಬಿಟ್ಟು ಹೋಗಬೇಡಿ

ಸೆಪ್ಟೆಂಬರಿನಲ್ಲಿ ಓದಿಗೆಂದು ಇಟಲಿಯ ಬೊಲೊನ್ಯಾಕ್ಕೆ ಬರಲಿರುವ ನೀವು, ವಾರಾಂತ್ಯಗಳಲ್ಲಿ ಯಾವ ಯಾವ ಊರುಗಳನ್ನು ನೋಡಬಹುದು ಎಂದೂ, ಪ್ರವಾಸಿಯಂತಲ್ಲದೆ ಇಲ್ಲಿಯ ಜನರ ಬದುಕನ್ನು ಹತ್ತಿರದಿಂದ ಕಾಣುವುದು ಹೇಗೆ ಎಂದೂ ಕೇಳಿದ್ದೀರಿ. ಹನ್ನೆರಡು ವರ್ಷಗಳಿಂದ ಇಲ್ಲಿರುವ ನನಗೆ ಈ ಎರಡು ಆಸೆಗಳೂ ಒಟ್ಟಿಗೆ ಕೈಗೂಡುವಂತೆ ತೋರುವುದಿಲ್ಲ. ವೇಗದ ರೈಲಿನಲ್ಲಿ ಫ್ಲಾರೆನ್ಸಿಗೆ ಹೆಚ್ಚೆಂದರೆ ನಲವತ್ತು ನಿಮಿಷ. ಆ ಅನುಕೂಲವೇ ತೊಡಕು. ನಾನು ಮೊದಲ ವರ್ಷ ಶನಿವಾರಕ್ಕೊಂದು ಊರು ಸುತ್ತಿದೆ, ಆದರೆ ಪಕ್ಕದ ಮನೆಯವರ ಹೆಸರು ನನಗೆ ತಿಳಿದಿರಲಿಲ್ಲ.

ತರಕಾರಿ ಕೊಳ್ಳುವುದರಿಂದ ಆರಂಭಿಸಿ. ಊರ ನಡುವಿನ ಮೆರ್ಕಾತೊ ದೆಲ್ಲೆ ಎರ್ಬೆ ಮಾರುಕಟ್ಟೆಯಲ್ಲಿ ಒಂದೇ ಅಂಗಡಿಯನ್ನು ಹಿಡಿದುಕೊಳ್ಳಿ. ನಮ್ಮೂರ ಸಂತೆಯ ಅಭ್ಯಾಸದಂತೆ ನಾನು ಟೊಮೆಟೊ ಒತ್ತಿ ನೋಡಲು ಹೋದಾಗ, ಅಂಗಡಿಯ ಹಿರಿಯ ಹೆಂಗಸು ನನ್ನ ಕೈಯನ್ನು ಮೆಲ್ಲಗೆ ಸರಿಸಿ, “ಇವತ್ತಿಗೋ, ನಾಳೆಗೋ?” ಎಂದು ಕೇಳಿದರು. ಆರಿಸಿಕೊಡುವುದು ಮಾರುವವರ ಕೆಲಸ. ಇಂದೇ ಉಣ್ಣುವುದಾದರೆ ಚೆನ್ನಾಗಿ ಹಣ್ಣಾದದ್ದನ್ನು, ಎರಡು ದಿನ ಇಡುವುದಾದರೆ ಗಟ್ಟಿಯಾದದ್ದನ್ನು ಅವರೇ ಕೊಡುತ್ತಾರೆ. ತಿಂಗಳು ಕಳೆಯುವ ಹೊತ್ತಿಗೆ ಅವರು, ನಾನು ಕೇಳಿದ ಬದನೆಕಾಯಿಯನ್ನು ಕೊಡದೆ, “ಇದು ಇವತ್ತು ಚೆನ್ನಾಗಿಲ್ಲ, ಪಾಲಕ್ ಒಯ್ಯಿ” ಎಂದು ಗದರುವಷ್ಟು ಸಲಿಗೆ ಬೆಳೆದಿತ್ತು.

ಬೆಳಗಿನ ಕಾಫಿಗೂ ಒಂದೇ ಬಾರ್ ಇರಲಿ. (ಬಾರ್ ಎಂದರೆ ಇಲ್ಲಿ ಕಾಫಿ ಅಂಗಡಿ, ಮನೆಗೆ ಫೋನು ಮಾಡಿದಾಗ ಇದನ್ನು ಮೊದಲೇ ವಿವರಿಸಿಬಿಡಿ.) ನಮ್ಮ ದರ್ಶಿನಿಗಳಲ್ಲಿಯಂತೆ ನಿಂತೇ ಕುಡಿದು ಹೊರಡುತ್ತಾರೆ, ಕುಳಿತರೆ ಅನೇಕ ಕಡೆ ಬೆಲೆ ಹೆಚ್ಚು. ಹಾಲು ಬೆರೆಸಿದ ಕಾಫಿ ಬೇಕೆಂದು ಬರಿದೇ “ಲಾತ್ತೆ” ಎಂದು ಕೇಳಿದರೆ ಒಂದು ಲೋಟ ಹಾಲು ಬರುತ್ತದೆ.

ನೀವು ಸಸ್ಯಾಹಾರಿ ಎಂದು ಬರೆದಿರುವುದರಿಂದ ಒಂದು ಮಾತು: ಈ ಊರಿನ ಹೆಮ್ಮೆಯಾದ, ತೊರ್ತೆಲ್ಲೀನಿ ಎಂಬ ಪುಟ್ಟ ಪಾಸ್ತಾದ ಹೂರಣದಲ್ಲಿ ಹಂದಿಮಾಂಸವಿರುತ್ತದೆ; ರಿಕೊತ್ತಾ ಎಂಬ ಮೆತ್ತನೆಯ ಚೀಸ್ ತುಂಬಿದ, ಗಾತ್ರದಲ್ಲಿ ದೊಡ್ಡದಾದ ತೊರ್ತೆಲ್ಲೋನಿಯನ್ನು ಕೇಳಿ. ಆದರೆ ಅದರಲ್ಲಿಯೂ ಸೇರುವ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಬರುವ ಮೊದಲೇ ನಿರ್ಧರಿಸಿಕೊಂಡರೆ, ಯಾರದೋ ಮನೆಯ ಊಟದ ಮೇಜಿನಲ್ಲಿ ಮುಜುಗರವಾಗುವುದಿಲ್ಲ.

ಸುತ್ತಾಡಲು ಊರಿನ ಪೋರ್ತಿಕೊಗಳೇ ಸಾಕು. ಒಟ್ಟು ಸುಮಾರು 62 ಕಿಲೋಮೀಟರ್ ಉದ್ದದ ಈ ಕಂಬಸಾಲುಗಳ ಹಾದಿಗಳ ಆಯ್ದ ಭಾಗಗಳು 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಸ ಮನೆ ಕಟ್ಟುವವರು ಪೋರ್ತಿಕೊವನ್ನೂ ಕಟ್ಟಲೇಬೇಕೆಂದು ನಗರವು 1288ರಲ್ಲಿಯೇ ಕಟ್ಟಳೆ ಮಾಡಿತ್ತು. ಬಹುಪಾಲು ಪೋರ್ತಿಕೊಗಳ ಜಾಗ ಮನೆಯವರದು, ನಡೆಯುವ ಹಕ್ಕು ಊರವರದು. ನಮ್ಮ ಹಳೆಯ ಮನೆಗಳ ಜಗಲಿಗಳನ್ನು ಒಂದಕ್ಕೊಂದು ಜೋಡಿಸಿ ಬೀದಿಯುದ್ದಕ್ಕೂ ಹಾಸಿದಂತೆ. ಭಾನುವಾರ ಬೆಳಿಗ್ಗೆ 666 ಕಮಾನುಗಳ ಕೆಳಗೆ, ಮೇರಿ ಮಾತೆಯ ಗುಡಿಯಿರುವ ಸಾನ್ ಲೂಕಾ ಗುಡ್ಡವನ್ನು ಹತ್ತಿ. ನಿಮ್ಮ ಜೊತೆಗೆ ಹತ್ತುವವರಲ್ಲಿ ಓಟಗಾರರೂ ಇರುತ್ತಾರೆ, ಹರಕೆ ಹೊತ್ತವರೂ ಇರುತ್ತಾರೆ.

ರಸ್ತೆ ಅಗೆಯುವ ಕಡೆ ಬೇಲಿಯ ಹೊರಗೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೆಲಸ ನೋಡುತ್ತ ನಿಂತ ಮುದುಕರು ನಿಮಗೆ ಸಿಗುತ್ತಾರೆ. ಅವರಿಗೆ ಇಲ್ಲಿಯ ಆಡುಭಾಷೆಯಲ್ಲಿ ಉಮರೆಲ್ ಎಂಬ ಹೆಸರೇ ಇದೆ. ಅವಸರವಿಲ್ಲದ ದಿನ ಅವರ ಪಕ್ಕದಲ್ಲಿ ನಿಂತುಕೊಳ್ಳಿ. ಕೆಲಸಗಾರರು ಎಲ್ಲಿ ತಪ್ಪುತ್ತಿದ್ದಾರೆಂದು ನೀವು ಕೇಳದಿದ್ದರೂ ಹೇಳುತ್ತಾರೆ. ಕೊಳವೆ, ಇಳಿಜಾರು, ಗಾರೆ ಎಂಬುದಕ್ಕೆಲ್ಲ ಇಟಾಲಿಯನ್ನಿನಲ್ಲಿ ಏನೆನ್ನುತ್ತಾರೆಂದು ನಾನು ಕಲಿತದ್ದು ಅಲ್ಲಿಯೇ.