ಸುಸ್ತಿಗೆ ಗ್ಲೂಕೋಸ್ ಬಾಟಲಿ ಮದ್ದಲ್ಲ

ಪ್ರಶ್ನೆ: ನಮ್ಮ ತಾಯಿಗೆ 46 ವರ್ಷ. ತೋಟದ ಕೆಲಸ ಮುಗಿಸಿ ಬಂದರೆ ಕೈಕಾಲು ಸೋತು ಕುಸಿಯುತ್ತಾರೆ. ತಿಂಗಳಿಗೊಮ್ಮೆ ಊರಿನಲ್ಲೇ ಒಂದು ಬಾಟಲಿ ಗ್ಲೂಕೋಸ್ ಹಾಕಿಸುತ್ತೇವೆ. ಅದು ನೇರವಾಗಿ ರಕ್ತಕ್ಕೆ ಸೇರುವುದರಿಂದ ಶಕ್ತಿ ಬೇಗ ಬರುತ್ತದಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ. ಮೊದಲು ಬಾಟಲಿಯ ಮೇಲಿನ ಚೀಟಿಯನ್ನು ಓದಿ. ಸಾಮಾನ್ಯವಾಗಿ ಅದು ಶೇ 5ರ ಡೆಕ್ಸ್‌ಟ್ರೋಸ್ (ಗ್ಲೂಕೋಸಿನದೇ ಇನ್ನೊಂದು ಹೆಸರು), 500 ಮಿ.ಲೀ. ಆಗಿರುತ್ತದೆ. ಅಂದರೆ ಒಳಗಿರುವುದು 25 ಗ್ರಾಂ ಸಕ್ಕರೆ, ಸುಮಾರು 85 ಕಿಲೊಕ್ಯಾಲೊರಿ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಇದರ ಮೂರು ಪಟ್ಟಿಗಿಂತ ಹೆಚ್ಚಿರುತ್ತದೆ.

ರಕ್ತದಲ್ಲಿ ಹರಿಯುವ ಗ್ಲೂಕೋಸ್ ಇನ್ನೂ ಶಕ್ತಿಯಲ್ಲ, ಅದು ಸೌದೆ ಮಾತ್ರ. ಜೀವಕೋಶದೊಳಗೆ ಅದು ಪೈರುವೇಟ್ ಎಂಬ ಚಿಕ್ಕ ಅಣುಗಳಾಗಿ ಒಡೆಯುವಾಗ ಸಿಗುವುದು ಎರಡೇ ಎಟಿಪಿ ಅಣು; ಎಟಿಪಿ ಎಂದರೆ ಜೀವಕೋಶ ನೇರವಾಗಿ ಬಳಸುವ ಶಕ್ತಿಯ ನಾಣ್ಯ. ಉಳಿದದ್ದು, ಅಂದರೆ ಒಟ್ಟು ಮೂವತ್ತರಷ್ಟರಲ್ಲಿ ಹೆಚ್ಚಿನ ಪಾಲು, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಎಲೆಕ್ಟ್ರಾನುಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಕೊನೆಗೆ ಆಮ್ಲಜನಕವನ್ನು ಸೇರುವುದರಿಂದ ದೊರೆಯುತ್ತದೆ. ಆ ಪ್ರೋಟೀನುಗಳಲ್ಲಿ ಹಲವಕ್ಕೆ ಕಬ್ಬಿಣ ಬೇಕು. ಆಮ್ಲಜನಕವನ್ನು ಅಲ್ಲಿಯವರೆಗೆ ಹೊತ್ತು ತರುವ ಹಿಮೋಗ್ಲೋಬಿನ್‌ಗೂ ಕಬ್ಬಿಣವೇ ಬೇಕು. ಆದ್ದರಿಂದ ಕಬ್ಬಿಣಾಂಶ ಕುಸಿದವರಿಗೆ ಗ್ಲೂಕೋಸ್ ಏರಿಸುವುದೆಂದರೆ ಗಾಳಿಯಾಡದೆ ಹೊಗೆಯುಗುಳುತ್ತಿರುವ ಒಲೆಗೆ ಮತ್ತಷ್ಟು ಸೌದೆ ತುರುಕಿದಂತೆ. ಆರು ಬಾಟಲಿ ಹಾಕಿಸಿಕೊಂಡ ಮೇಲೆ ನಮ್ಮಲ್ಲಿಗೆ ಬಂದ ಒಬ್ಬ ಹೆಣ್ಣುಮಗಳ ಹಿಮೋಗ್ಲೋಬಿನ್ 5.8 ಇತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಂತೆ ಬಿಳಿಚಿಕೊಂಡಿತ್ತು. ಅಷ್ಟನ್ನೂ ಯಾರೂ ನೋಡಿರಲಿಲ್ಲವೆಂಬುದು ನನಗೆ ಇಂದಿಗೂ ಸಂಕಟ ತರುತ್ತದೆ.

ಹಾಕಿಸಿದ ಮೇಲೆ ಎರಡು ದಿನ ಹಗುರವೆನಿಸುವುದು ಮೈಗೆ ನೀರು ಸೇರಿದ್ದರಿಂದ ಮತ್ತು ಒಂದೆರಡು ಗಂಟೆ ಮಲಗಿದ್ದರಿಂದ ಇರಬಹುದು. ಪದವಿಯಿಲ್ಲದ ಕೆಲವರು ಅದಕ್ಕೆ ಸ್ಟೀರಾಯ್ಡ್ ಬೆರೆಸುವುದೂ ಉಂಟು. ಇದು ಮೋಸ ಮಾತ್ರವಲ್ಲ, ಅಪಾಯ. ಬಿ ವಿಟಮಿನ್ ಸೇರಿಸಿ ಹಳದಿಯಾಗಿಸಿದ ಬಾಟಲಿಗೂ ಕಬ್ಬಿಣದ ಕೊರತೆಯ ರಕ್ತಹೀನತೆ ಹೋಗುವುದಿಲ್ಲ. ನಿತ್ಯ ಕುಡಿಯುವವರ ವಿಷಯದಲ್ಲಂತೂ ನಾನು ಇನ್ನೂ ಕಟ್ಟುನಿಟ್ಟು. ಪೈರುವೇಟ್ ಮುಂದಿನ ಹಂತಕ್ಕೆ ಹೋಗಲು ಥಯಮಿನ್ (ವಿಟಮಿನ್ ಬಿ1) ಬೇಕು, ಅದು ತೀರಾ ಕಡಿಮೆಯಿರುವವರಿಗೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಹಾನಿಯಾಗಬಹುದು. ವಾಂತಿಭೇದಿಯಿಂದ ಬಳಲಿದವರಿಗೆ, ಸಕ್ಕರೆ ಕುಸಿದವರಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವುದು ಬೇರೆ ಮಾತು.

ತಾಯಿಯವರ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಈ ವಾರವೇ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ ಎಂದು ಸಂಕೋಚ ಬಿಟ್ಟು ಕೇಳಿ, ವೈದ್ಯರಿಗೆ ತಿಳಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ, ಚಹಾದ ಜೊತೆ ನುಂಗಬಾರದು, ಸುಸ್ತು ಹೋಯಿತೆಂದು ನಡುವೆ ನಿಲ್ಲಿಸಲೂಬಾರದು.

ಪ್ರಶ್ನೆ: ವ್ಯಾಯಾಮ ಮಾಡಿದ ಮರುದಿನದ ಮೈಕೈ ನೋವು ಲ್ಯಾಕ್ಟಿಕ್ ಆಮ್ಲದಿಂದಲೇ?

ಉತ್ತರ: ಅಲ್ಲ. ಆ ಆಮ್ಲ ಒಂದೆರಡು ಗಂಟೆಯೊಳಗೆ ರಕ್ತದಿಂದ ತೆರವಾಗಿರುತ್ತದೆ.

ಪ್ರಶ್ನೆ: ಆಮ್ಲಜನಕ ಬೆರೆಸಿದ ನೀರು ಕುಡಿದರೆ ಚೈತನ್ಯ ಹೆಚ್ಚುವುದೇ?

ಉತ್ತರ: ಆಮ್ಲಜನಕವನ್ನು ರಕ್ತಕ್ಕೆ ಸೇರಿಸುವುದು ಶ್ವಾಸಕೋಶದ ಕೆಲಸ, ಹೊಟ್ಟೆಯದಲ್ಲ. ಕೊಳ್ಳಬೇಡಿ.