ಗ್ರಿಲ್‌ನ ಮುಚ್ಚಳದ ಸಂದಿನಲ್ಲಿ ಹೊಗೆ

ಪ್ರಶ್ನೆ: ನಾವು ಅಮೆರಿಕದ ಜಾರ್ಜಿಯಾದಲ್ಲಿದ್ದೇವೆ. ಆರು ವರ್ಷದ ಹಿಂದೆ ಕೊಂಡ ಮೊಟ್ಟೆಯಾಕಾರದ ಸೆರಾಮಿಕ್ ಇದ್ದಿಲು ಗ್ರಿಲ್ ಈಚೆಗೆ ಹತೋಟಿಗೆ ಸಿಗುತ್ತಿಲ್ಲ. 225 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ನಿಲ್ಲಿಸಲು ಹೋದರೆ 300 ದಾಟುತ್ತದೆ. ಮುಚ್ಚಳದ ಮುಂಭಾಗದಲ್ಲಿ ಹೊಗೆ ಸೋರುತ್ತದೆ. ಅಡುಗೆ ಮುಗಿಸಿ ಮೇಲಿನ ಕೆಳಗಿನ ಗಾಳಿಕಿಂಡಿಗಳನ್ನು ಮುಚ್ಚಿದರೂ ಬೆಳಿಗ್ಗೆಗೆ ಇದ್ದಿಲೆಲ್ಲ ಬೂದಿ. ಅಂಚಿಗೆ ಹೊಸ ಫೆಲ್ಟ್ ಗ್ಯಾಸ್ಕೆಟ್ (ಸಂದು ಮುಚ್ಚುವ ಮೆತ್ತನೆಯ ಪಟ್ಟಿ) ಅಂಟಿಸಿದೆ. ಎರಡೇ ತಿಂಗಳಲ್ಲಿ ಮುಂಭಾಗದಲ್ಲಿ ಕರಕಲಾಯಿತು. ಇನ್ನೂ ದಪ್ಪನೆಯದು ಹಾಕಲೇ?

ಉತ್ತರ: ಬೇಡ, ದಪ್ಪ ಗ್ಯಾಸ್ಕೆಟ್‌ಗೆ ದುಡ್ಡು ಸುರಿಯಬೇಡಿ. ನಿಮ್ಮ ಪತ್ರದಲ್ಲೇ ಉತ್ತರವಿದೆ. ಕರಕಲಾದದ್ದು ಮುಂಭಾಗದಲ್ಲಿ ಮಾತ್ರ, ಹೊಗೆ ಸೋರುವುದೂ ಅಲ್ಲೇ. ಗ್ಯಾಸ್ಕೆಟ್ ಹೋದದ್ದರಿಂದ ಸಂದು ಬಿಟ್ಟದ್ದಲ್ಲ. ಸಂದು ಇದ್ದದ್ದರಿಂದ ಬಿಸಿಗಾಳಿ ಅಲ್ಲೇ ನುಗ್ಗಿ ಗ್ಯಾಸ್ಕೆಟ್ ಸುಟ್ಟಿತು. ನಿಮ್ಮ ಮುಚ್ಚಳ ವಾರೆಯಾಗಿ ಕೂತಿದೆ.

ಇದು ಈ ಒಲೆಯ ಮಟ್ಟಿಗೆ ಸಣ್ಣ ವಿಷಯವಲ್ಲ. ಜಪಾನಿನಲ್ಲಿ ಅನ್ನ ಬೇಯಿಸುತ್ತಿದ್ದ ಮಣ್ಣಿನ ಒಲೆಯನ್ನು ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಮನೆಗೆ ತಂದರು. ಇಂದಿನ ಕಮಾಡೊ ಗ್ರಿಲ್, ಅಂದರೆ ನಿಮ್ಮ ಈ ಮೊಟ್ಟೆಯಾಕಾರದ ಒಲೆ, ಬೆಳೆದದ್ದು ಅಲ್ಲಿಂದ. ಇದರಲ್ಲಿ ಬೆಂಕಿಯನ್ನು ಆಳುವುದು ಗಾಳಿ ಒಂದೇ. ಮುಚ್ಚಳದಲ್ಲಿ ಸಂದು ಬಿಟ್ಟರೆ ಅದು ಎರಡನೆಯ ಚಿಮಣಿಯಾಗುತ್ತದೆ. ನೀವು ಮೇಲಿನ ಕಿಂಡಿಯನ್ನು ಎಷ್ಟು ಕಿರಿದು ಮಾಡಿದರೂ ಬಿಸಿಗಾಳಿ ಸಂದಿನಿಂದ ಹೊರಟು, ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿಯನ್ನು ಎಳೆಯುತ್ತದೆ. ಉಷ್ಣತೆ ನಿಲ್ಲದಿರುವುದಕ್ಕೂ ರಾತ್ರಿಯೆಲ್ಲ ಇದ್ದಿಲು ಉರಿಯುವುದಕ್ಕೂ ಅದೇ ಕಾರಣ. ಊರಿನಿಂದ ಬಂದಿದ್ದ ನನ್ನ ಅಮ್ಮ ನಮ್ಮ ಗ್ರಿಲ್ ಹೀಗೆ ಸೋರುವುದನ್ನು ನೋಡಿ, "ಬಿರಿಯಾನಿ ಪಾತ್ರೆಗೆ ಮೆತ್ತಿದ ಹಾಗೆ ಸುತ್ತ ಕಣಕ ಮೆತ್ತಬಾರದೇ?" ಎಂದು ಕೇಳಿದ್ದರು. ಅಮ್ಮ ಹಿಡಿದ ತತ್ವ ನೂರಕ್ಕೆ ನೂರು ಸರಿ. ಆದರೆ ಪಾತ್ರೆಯ ಬಾಯಿಯೇ ಸೊಟ್ಟಗಿದ್ದರೆ ಕಣಕವೂ ನಿಲ್ಲುವುದಿಲ್ಲ.

ಮೊದಲು ಪರೀಕ್ಷೆ ಮಾಡಿ. ಒಲೆ ಪೂರ್ತಿ ತಣ್ಣಗಿರುವಾಗ ಕಿರಾಣಿ ಅಂಗಡಿಯ ಉದ್ದನೆಯ ಬಿಲ್ಲೊಂದನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ, ಮೆಲ್ಲಗೆ ಎಳೆಯಿರಿ. ಒಳ್ಳೆಯ ಜಾಗದಲ್ಲಿ ಅದು ತಡೆದು ತಡೆದು, ಬೆರಳಿಗೆ ಬಿಗಿ ತಿಳಿಯುವ ಹಾಗೆ ಬರುತ್ತದೆ. ಸಂದಿರುವ ಕಡೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರುತ್ತದೆ. ನಾಲ್ಕು ಬೆರಳಿಗೊಂದು ಕಡೆ ಹೀಗೆ ಎಳೆಯುತ್ತಾ ಸುತ್ತ ಬನ್ನಿ, ಜಾರಿದ ಕಡೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿ. ನನ್ನ ಒಲೆಯಲ್ಲಿ ಗುರುತೆಲ್ಲ ಮುಂದಿನ ಅರ್ಧಕ್ಕೇ ಸೇರಿದ್ದವು. ನಿಮ್ಮದೂ ಹಾಗೇ ಇರುತ್ತದೆ ಎಂದು ನನ್ನ ನಂಬಿಕೆ.

ಇನ್ನು ರಿಪೇರಿ. ಮುಚ್ಚಳವನ್ನೂ ಬುಡವನ್ನೂ ಒಂದೊಂದು ಉಕ್ಕಿನ ಪಟ್ಟಿ ತಬ್ಬಿ ಹಿಡಿದಿರುತ್ತದೆ. ಹಿಂದೆ ಸ್ಪ್ರಿಂಗ್ ಇರುವ ಬಿಜಾಗರಿ ಎರಡನ್ನೂ ಜೋಡಿಸುತ್ತದೆ. ಬಿಸಿಗೆ ಉಕ್ಕು ಸೆರಾಮಿಕ್‌ಗಿಂತ ಹೆಚ್ಚು ಹಿಗ್ಗುವುದರಿಂದ, ಕಾದು ತಣಿದು ಕಾದು ತಣಿದು ಪಟ್ಟಿ ಸಡಿಲವಾಗುತ್ತದೆ, ಮುಚ್ಚಳ ಪಟ್ಟಿಯೊಳಗೇ ಜರುಗುತ್ತದೆ. ಬಿಜಾಗರಿಯ ಕಡೆ ಮೊದಲು ತಾಗಿದರೆ ಮುಂದೆ ಬಾಯಿ ಬಿಡುತ್ತದೆ, ಕೀಲಿನ ಬಳಿ ಸಿಕ್ಕಿಕೊಂಡ ಬಾಗಿಲಿನ ಹಾಗೆ.

ಮುಚ್ಚಳ ಮುಚ್ಚಿಯೇ ಇರಲಿ. ಎರಡೂ ಪಟ್ಟಿಗಳ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಮುಚ್ಚಳ ತನ್ನ ಭಾರಕ್ಕೆ ತಾನೇ ಕೂರುವಷ್ಟು ಸಾಕು. ಪಟ್ಟಿ ಸಡಿಲವಿರುವಾಗ ಯಾವ ಕಾರಣಕ್ಕೂ ಹಿಡಿಕೆ ಎತ್ತಬೇಡಿ: ಮುಚ್ಚಳ ಜಾರಿ ಬಿದ್ದರೆ ಚೂರು, ಕಾಲಿನ ಮೇಲಾದರೆ ಆಸ್ಪತ್ರೆ. ಮನೆಯವರೊಬ್ಬರು ಎದುರು ನಿಂತು ಹಿಡಿದಿರಲಿ. ಎರಡೂ ಅಂಗೈಯಿಂದ ಮುಚ್ಚಳವನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ. ಮೇಲಿನ ಅಂಚು ಕೆಳಗಿನ ಅಂಚಿನ ಮೇಲೆ ಸುತ್ತಲೂ ಸಮನಾಗಿ ಕೂತದ್ದು ಕೈಗೇ ತಿಳಿಯುತ್ತದೆ. ಆಗ ಪಟ್ಟಿಗಳು ಅಂಚಿಗೆ ಸಮಾನಾಂತರವಾಗಿವೆಯೇ ನೋಡಿ, ಈ ನಟ್ ಒಂದು ಸುತ್ತು, ಆ ನಟ್ ಒಂದು ಸುತ್ತು ಎಂದು ಸರದಿಯಲ್ಲಿ ಬಿಗಿ ಮಾಡಿ. ಬಿಸಿ ಇರುವಾಗ ಬಿಗಿ ಮಾಡಬಾರದು. ನಾನು ಒಮ್ಮೆ ಆತುರಕ್ಕೆ ಹಾಗೆ ಮಾಡಿ, ತಣಿದ ಮೇಲೆ ನೋಡಿದರೆ ಬೋಲ್ಟೇ ಬಾಗಿತ್ತು. ಮತ್ತೆ ಬಿಲ್ ಎಳೆದು ನೋಡಿ. ಮೊದಲ ಅಡುಗೆಯಾಗಿ ತಣಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ.

ಇದಾದ ಮೇಲಷ್ಟೇ ಹೊಸ ಗ್ಯಾಸ್ಕೆಟ್. ನೀವು ಆಗಾಗ ಪಿಜ್ಜಾ ಮಾಡುವಷ್ಟು ಕಾಯಿಸುವವರಾದರೆ ಉಣ್ಣೆಯ ಫೆಲ್ಟ್ ಬೇಡ, ಫೈಬರ್‌ಗ್ಲಾಸ್‌ನದು ತನ್ನಿ. ಹಳೆಯದನ್ನು ಚಪ್ಪಟೆ ಅಲಗಿನಿಂದ ಕೆರೆದು, ಉಳಿದ ಅಂಟನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ. ಹತ್ತಿರ ಕೆಂಡವಿರಬಾರದು, ಅಸಿಟೋನ್ ಪಕ್ಕನೆ ಹೊತ್ತಿಕೊಳ್ಳುತ್ತದೆ. ಅಂಚು ಪೂರ್ತಿ ಒಣಗಲಿ. ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಅಂಟಿಸುವಾಗ ಗ್ಯಾಸ್ಕೆಟ್ ಪಟ್ಟಿಯನ್ನು ಎಳೆಯಬೇಡಿ, ಸುಮ್ಮನೆ ಹಾಸುತ್ತಾ ಹೋಗಿ. ಎಳೆದು ಅಂಟಿಸಿದ್ದು ಮುಂದೆ ಕುಗ್ಗಿ, ತುದಿಗಳು ಸೇರುವಲ್ಲಿ ಬಾಯಿ ಬಿಡುತ್ತದೆ. ಮುಚ್ಚಳ ಮುಚ್ಚಿ ಒಂದು ದಿನ ಬಿಡಿ. ಮೊದಲ ಕೆಲವು ಸಲ ಸಣ್ಣ ಬೆಂಕಿಯಲ್ಲೇ ಅಡುಗೆ ಮಾಡಿ.

ಅಷ್ಟಾದರೂ ಎಲ್ಲೋ ಒಂದೆಳೆ ಹೊಗೆ ಕಂಡರೆ ಚಿಂತೆ ಬೇಡ. ಎರಡೂ ಕಿಂಡಿ ಮುಚ್ಚಿದ ಮೇಲೆ ಬೆಂಕಿ ಆರಿ, ಬೆಳಿಗ್ಗೆ ಕಪ್ಪು ಇದ್ದಿಲು ಉಳಿದಿದ್ದರೆ ಮುಚ್ಚಳ ಸರಿಯಾಗಿದೆ.

ಒಂದು ಎಚ್ಚರಿಕೆ. ಸೋರುವ ಮುಚ್ಚಳಕ್ಕೆ ಒಗ್ಗಿದ ಕೈ ಅದನ್ನು ಒಂದೇ ಸಲಕ್ಕೆ ಎತ್ತಿಬಿಡುತ್ತದೆ. ಭದ್ರವಾಗಿ ಮುಚ್ಚಿದ ಒಲೆಯೊಳಗಿನ ಕೆಂಡ ಗಾಳಿಗೆ ಹಸಿದಿರುತ್ತದೆ. ಥಟ್ಟನೆ ತೆರೆದರೆ ಬೆಂಕಿ ಭಗ್ಗೆಂದು ಮುಖಕ್ಕೇ ಬರುತ್ತದೆ. ಮೊದಲು ಒಂದೆರಡು ಅಂಗುಲ ಎತ್ತಿ, ಕೆಲವು ಕ್ಷಣ ಹಾಗೇ ಹಿಡಿದು, ಮತ್ತೆ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಪೂರ್ತಿ ತೆರೆಯಿರಿ, ಮುಖ ದೂರವಿರಲಿ. ಮನೆಯಲ್ಲಿ ಈ ಒಲೆ ಮುಟ್ಟುವ ಎಲ್ಲರಿಗೂ ಇದನ್ನು ಇಂದೇ ಹೇಳಿಕೊಡಿ.